ಕೊಳೆಯದ ಸೇಬು

ಮೊನ್ನೆ ನಾಗರಬಾವಿಯ ಆಸ್ಪತ್ರೆಯೊಂದಕ್ಕೆ ಸಂಬಂಧಿಕರನ್ನು ನೋಡಲು ಹೋಗಿದ್ದೆ. ಮಂಚದ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟ ಸೇಬು, ಮೂಸಂಬಿಗಳು ಬೆವರಿ ಹುಳಿ ವಾಸನೆ ಬಿಟ್ಟಿದ್ದವು. ತಕ್ಷಣ ಕುರುಬರಹಳ್ಳಿಯ ನಮ್ಮ ಡ್ರಾಯಿಂಗ್ ಟೀಚರ್ ನೆನಪಾದರು.

ಧಾರವಾಡದ ಕಡೆಯವರು. ಶಾಲೆಯಿಂದ ನಿವೃತ್ತರಾದ ಮೇಲೆ ಮಗಳ ಜೊತೆ ಇದ್ದರು. ಭಾನುವಾರ ನಮ್ಮಂಥ ನಾಲ್ಕಾರು ಗೃಹಿಣಿಯರಿಗೆ ಮನೆಯ ಹಾಲ್‌ನಲ್ಲೇ ಚಿತ್ರ ಕಲಿಸುತ್ತಿದ್ದರು. ಮೇಜಿಗೆ ಬಿಳಿ ಪಂಚೆ ಹಾಸಿ, ಮೇಲೆ ಹಣ್ಣು ಜೋಡಿಸುವರು... ಹಿಂದಿನ ಕಾಲದ ವಿದೇಶಿ ಚಿತ್ರಕಾರರು ತಾವು ಬರೆದ ಹಣ್ಣಿನ ಮೇಲೆ ಬೇಕೆಂದೇ ಒಂದು ಕೊಳೆತ ಚುಕ್ಕಿ ಇಡುತ್ತಿದ್ದರಂತೆ.

"ನೋಡೋರಿಗೆ ಸಾವು ನೆನಪಾಗ್ಲಿ ಅಂತ್ರೀ. ಹಣ್ಣಷ್ಟ ಅಲ್ಲ, ನೀವೂ ಕೊಳೀತೀರಿ ಅಂತ ಹೇಳೂದು" ಎಂದು ನಗುತ್ತಿದ್ದರು. ನಾವೂ ಉತ್ಸಾಹದಿಂದ ಚುಕ್ಕಿ ಇಡುತ್ತಿದ್ದೆವು.

ಆಮೇಲೆ ಮಗಳಿಗೆ ಕ್ಯಾನ್ಸರ್ ಎಂದು ಗೊತ್ತಾಯಿತು. ನೋಡಲು ಬಂದವರೆಲ್ಲ ಸೇಬು, ದಾಳಿಂಬೆ ತಂದರು. ಆ ಹುಡುಗಿಗೆ ಮೂಸಂಬಿಯ ಒಂದು ತೊಳೆಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಟೀಚರ್ ಪಾಠ ನಿಲ್ಲಿಸಲಿಲ್ಲ. ಅದೇ ಹಣ್ಣುಗಳನ್ನು ಮೇಜಿನ ಮೇಲಿಟ್ಟರು. ಒಳಕೋಣೆಯಿಂದ ಕೆಮ್ಮು ಕೇಳುತ್ತಿತ್ತು. ನಾವು ತಲೆ ತಗ್ಗಿಸಿ ಬರೆಯುತ್ತಿದ್ದೆವು...

ಒಂದು ಭಾನುವಾರ ಅವರೂ ನಮ್ಮ ಜೊತೆ ಕುಂಚ ಹಿಡಿದರು. ಮೇಜಿನ ಮೇಲಿನ ಸೇಬು ಒಂದು ಕಡೆ ಕಪ್ಪಾಗಿ ಕುಸಿದಿತ್ತು. ಅವರ ಹಾಳೆಯಲ್ಲಿ ಮಾತ್ರ ಅದು ಈಗತಾನೇ ಮರದಿಂದ ಕಿತ್ತ ಹಾಗೆ ಕೆಂಪಗಿತ್ತು.

"ಟೀಚರ್, ಈ ಕಡೆ ಕೊಳ್ತೋಗಿದೆಯಲ್ವಾ?" ಎಂದಳು ನನ್ನ ಪಕ್ಕದವಳು.

"ನನಗ ಕಾಣವಲ್ದು" ಎಂದರು. ಬಳಿಯುತ್ತಲೇ ಇದ್ದರು, ಕೆಂಪಿನ ಮೇಲೆ ಕೆಂಪು, ಹಾಳೆ ನೆನೆದು ಹರಿಯುವವರೆಗೆ.

ಮಗಳು ಯುಗಾದಿಗೆ ಮೊದಲೇ ಹೋದಳು. ಮಾತಾಡಿಸಲು ಹೋದಾಗ ಮೇಜು ಹಾಗೇ ಇತ್ತು. ಹಣ್ಣುಗಳಿಗೆಲ್ಲ ಬೂಷ್ಟು ಹಿಡಿದು, ನೊಣ ಮುತ್ತಿದ್ದವು.

"ಎತ್ತಿ ಆಚೆ ಹಾಕ್ಬಿಡ್ಲಾ ಟೀಚರ್?" ಎಂದೆ.

"ಇರ್ಲಿ ಬಿಡವ್ವಾ. ಮನ್ಯಾಗ ಜೀವ ಅಂತ ಉಳದಿರೂದು ಈಗ ಆ ನೊಣಾನ."

ಅವರ ತಮ್ಮ ಬಂದು ಧಾರವಾಡಕ್ಕೆ ಕರೆದುಕೊಂಡು ಹೋದ. ಅಲ್ಲಿ ಕುಂಚ ಮುಟ್ಟಲಿಲ್ಲವಂತೆ. ಬರುಬರುತ್ತಾ ಮಾತನ್ನೂ ಬಿಟ್ಟರಂತೆ. ಹೋದ ವರ್ಷ ತೀರಿಕೊಂಡರು. ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಆಸ್ಪತ್ರೆಯಿಂದ ಹೊರಬಂದು ಬಸ್ ಸ್ಟಾಪಿನಲ್ಲಿ ನಿಂತೆ. ಅವರ ಫೋಟೋ ಒಂದೂ ನನ್ನ ಬಳಿ ಇಲ್ಲ. ಮುಖವನ್ನಾದರೂ ನೆನಪಿಸಿಕೊಳ್ಳೋಣವೆಂದು ನೋಡಿದೆ... ಹಣೆ ಬಂತು, ಮೂಗಿನ ಮೇಲೆ ಜಾರುವ ಕನ್ನಡಕ ಬಂತು. ಕಣ್ಣುಗಳು ಮಾತ್ರ ಬರಲೇ ಇಲ್ಲ.