ಇಲಿಗಳ ಬಾಣಂತನ

ಕುದೂರಿನ ಸುತ್ತ ಗಂಗಲಕ್ಷ್ಮಮ್ಮನ ಕೈಯಲ್ಲಿ ಎಣ್ಣೆನೀರು ಎರೆಸಿಕೊಳ್ಳದ ಬಾಣಂತಿ ಇರಲಿಲ್ಲ. ಹೆರಿಗೆಗಳು ಆಸ್ಪತ್ರೆ ಸೇರಿ, ಬಚ್ಚಲಿಗೆ ಗೀಸರ್ ಬಂದ ಮೇಲೆ ಆಕೆಗೆ ಉಳಿದದ್ದು ರಾಮನಗರದ ಹೊರಗಿನ ಔಷಧ ಪ್ರಯೋಗಾಲಯದಲ್ಲಿ ಬಿಳಿ ಇಲಿ ನೋಡಿಕೊಳ್ಳುವ ಕೆಲಸ. ಅಲ್ಲಂತೂ ಬಾಣಂತಿಯರಿಗೆ ಬರವಿರಲಿಲ್ಲ.

ಒಂದು ಸಲ ಇಲಿಗಳ ಕರುಳಿಗೆ ಜಂತುಹುಳ ಹತ್ತಿತು. ಇಲಿಗಳೇನೂ ದೂರಲಿಲ್ಲ, ಚೆನ್ನಾಗಿಯೇ ತಿಂದುಂಡು ಓಡಾಡುತ್ತಿದ್ದವು. ಬಾಲದ ಬುಡಕ್ಕೆ ಅಂಟುಟೇಪು ಒತ್ತಿ ಕಿತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಹುಳದ ಮೊಟ್ಟೆ.

ಪಶುವೈದ್ಯೆ ಮುನವ್ವರಾ ಮದ್ದು ಬೆರೆಸಿದ ತಿನಿಸು ತರಿಸಿದಳು. "ಇಲಿ ಇರೋ ಒಂದು ಡಬ್ಬಿಯನ್ನೂ ಬಿಡಬೇಡಿ. ಹಾಸಿದ ಹೊಟ್ಟನ್ನೂ ಬದಲಾಯಿಸಿ. ಹುಳ ಹೋಗಲಿಲ್ಲ ಅಂದ್ರೆ ಎಲ್ಲವನ್ನೂ ಕೊಂದುಬಿಡಿ ಅಂತ ಮೇಲಿನೋರು ಹೇಳಿದ್ದಾರೆ."

ಗಂಗಲಕ್ಷ್ಮಮ್ಮ ಹೇಳಿದಂತೆಯೇ ಮಾಡಿದಳು, ಮರಿ ಹಾಕಿದ ಇಲಿಗಳನ್ನು ಮಾತ್ರ ಬಿಟ್ಟಳು. ಅವಕ್ಕೆ ಹಳೆಯ ತಿನಿಸು, ಅದೇ ಬೆಚ್ಚನೆಯ ಹೊಟ್ಟು.

"ಅವೇನು ನಿನ್ನ ನೆಂಟ್ರಾ?" ಎಂದ ಜೊತೆಗಾರ ಬೋರಲಿಂಗಯ್ಯ.

"ಹಸಿಬಾಣಂತೀರು ಕಣಪ್ಪ. ಮದ್ದು ಹಾಲಿಗಿಳಿದ್ರೆ ಮಕ್ಳು ಉಳೀತಾವಾ?"

"ಹಂಗಾರೆ ಕಿವಿಗೆ ಹತ್ತಿನೂ ಇಟ್ಬುಡು. ಮೆಣಸಿನ ಸಾರು ನಾನ್ ತತ್ತೀನಿ."

ಮತ್ತೆ ಟೇಪು ಒತ್ತಿದಾಗ ಬಾಣಂತಿಯರ ಡಬ್ಬಿಗಳ ತುಂಬ ಮೊಟ್ಟೆ. ಧೂಳಿನೊಡನೆ ಹಾರಿ, ಗುಣವಾದವಕ್ಕೂ ಅಂಟಿಕೊಂಡಿತ್ತು.

"ನೀವು ಕಾಪಾಡಿದ ಇವೇ ಉಳಿದವನ್ನೆಲ್ಲ ಮುಗಿಸ್ತಾವೆ," ಎಂದಳು ಮುನವ್ವರಾ. "ನನ್ನ ಮಗಳಿಗೆ ಹಾಲು ಕೊಡ್ತಾನೇ ನಾನೂ ಮಾತ್ರೆ ನುಂಗಿದೀನಿ. ಏನಾಯ್ತು ಅವಳಿಗೆ?"

'ಅದ್ಕೇ ಆ ಮಗಾ ಹಂಗೆ ಸೊರಗೈತೆ' ಎಂಬುದು ಗಂಗಲಕ್ಷ್ಮಮ್ಮನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಮೇಲಿನವರನ್ನು ಕಾಡಿಬೇಡಿ ಮುನವ್ವರಾ ಇನ್ನೊಂದು ಅವಕಾಶ ತಂದಳು. ಈ ಸಲ ಗಂಗಲಕ್ಷ್ಮಮ್ಮ ಒಂದನ್ನೂ ಬಿಡಲಿಲ್ಲ. "ತಿನ್ನು ನನ್ನವ್ವ, ಒಸಿ ಕಹಿ ಐತೆ," ಎಂದು ಒಂದೊಂದು ಬಾಣಂತಿಯನ್ನೂ ರಮಿಸಿದಳು. ಹೊಟ್ಟು ಬದಲಿಸಿದಳು, ಗೋಡೆ ನೆಲ ಉಜ್ಜಿದಳು. ಸಾಲದೆಂದು, ಇಲಿಗಳ ಜೀವ ಉಳಿದರೆ ಕೋಳಿಯೊಂದರ ಜೀವ ಒಪ್ಪಿಸುವುದಾಗಿ ಕಬ್ಬಾಳಮ್ಮನಿಗೆ ಹರಕೆ ಹೊತ್ತಳು.

ಹುಳ ಹೋಯಿತು. ಮರಿಯೊಂದೂ ಸಾಯಲಿಲ್ಲ. ಗಂಗಲಕ್ಷ್ಮಮ್ಮ ಎಲ್ಲರಿಗೂ ಬೆಲ್ಲ ಹಂಚಿದಳು.

ಮರಿಗಳು ಬಲಿತ ಮೇಲೆ ವ್ಯಾನು ಬಂತು.

"ನಮ್ ಮಕ್ಳು ಎಲ್ಗೆ ಹೊಂಟವೆ ತಾಯಿ?"

"ಔಷಧದ ಪರೀಕ್ಷೆಗೆ. ಹುಳ ಇಲ್ಲದ್ದನ್ನೇ ಕೇಳ್ತಾರೆ. ಎಷ್ಟು ಚೆನ್ನಾಗಿ ಬೆಳೆಸಿದೀರಿ ಅಂತ ಹೊಗಳಿದ್ರು."

"ವಾಪಸ್ ಬತ್ತಾವಾ?"

ಮುನವ್ವರಾ ತಲೆಯಾಡಿಸಿದಳು, ಇಲ್ಲವೆಂದು.

"ಹುಳ ಇದ್ರೂ ಸಾಯ್ಬೇಕು, ಹೋದ್ರೂ ಸಾಯ್ಬೇಕು ಅಂದ್ರೆ ನಾನು ಬಾಣಂತನ ಮಾಡಿದ್ದು ಯಾವ ಚೆಂದಕ್ಕವ್ವ?"

ತಾಯಂದಿರನ್ನು ಮಾತ್ರ ಉಳಿಸಿಕೊಂಡಿದ್ದರು, ಮತ್ತೆ ಹೆರಬೇಕಲ್ಲ. ಒಂದರ ಬಸಿರು ಆಗಲೇ ಕಾಣುತ್ತಿತ್ತು. ಗಂಗಲಕ್ಷ್ಮಮ್ಮ ಗೊಣಗುತ್ತಲೇ ಅದಕ್ಕೆ ಹೊಸ ಹೊಟ್ಟು ಹಾಸಿದಳು.