ಬಂದು ಮಾರಿ ತೋರಿಸ್ರಿ

ಇವತ್ತು ಬೆಳಿಗ್ಗೆ ಅಂಗಿಯ ಗುಂಡಿಯೊಂದು ಕಿತ್ತುಹೋಗಿ ಮಂಚದ ಕೆಳಗೆ ಉರುಳಿತು. ಫೋನಿನಲ್ಲಿದ್ದ ಬೆಳಕು ಸಾಲದೆಂದು ಇನ್ನೂ ಜೋರು ಬೆಳಗುವ ಟಾರ್ಚಿನ ಆ್ಯಪ್ ಇಳಿಸಿಕೊಂಡೆ. ಅದು ಬೆಳಗುವ ಮೊದಲೇ ಭಾರೀ ವಿನಯದಿಂದ ಕೇಳಿತು: ನಿಮ್ಮ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನೋಡಬಹುದೇ? ಗುಂಡಿ ಹುಡುಕಲು ನನ್ನ ಬಂಧುಬಳಗವೆಲ್ಲ ಯಾಕೆ ಬೇಕು, ನೀವೇ ಹೇಳಿ. ಹೆಣ್ಣು ನೋಡಲು ಬಂದವರೂ ಮೊದಲ ದಿನವೇ ಇಷ್ಟು ಕೇಳುವುದಿಲ್ಲ. ಆದರೂ ಹೆಬ್ಬೆರಳು ರೂಢಿಯಂತೆ ಹೂಂ ಒತ್ತಲು ಹೊರಟಿತ್ತು. ಮಾಬವ್ವ ನೆನಪಾಗಿ ನಿಂತಿತು.

ಮಾಬವ್ವ ವಿಜಯಪುರದ ಕಡೆಯವಳು. ಗೋವಾದ ಝುವಾರಿನಗರದಲ್ಲಿ ನಾನು ಬಾಡಿಗೆಗಿದ್ದ ಓಣಿಯ ಬಾಯಲ್ಲಿ ಚಹಾ ಮಾರುತ್ತಿದ್ದಳು. ಆಗ ಓಣಿಯಲ್ಲಿ ಯಾರ ನಂಬರೂ ಆರು ತಿಂಗಳು ಬಾಳುತ್ತಿರಲಿಲ್ಲ; ಕೆಲಸ ಬದಲಾದಂತೆ ಸಿಮ್ಮೂ ಬದಲು. ಮಾಬವ್ವನದು ಮಾತ್ರ ಅವಳ ಒಲೆಯಷ್ಟೇ ಸ್ಥಿರ. ನಾನೋ, ದಾಬೋಲಿಮ್‌ನ ಕಟ್ಟಡ ಕೆಲಸವೊಂದರಲ್ಲಿ ಸ್ಟೋರ್ ಗುಮಾಸ್ತ. ಓಣಿಗೆ ಫಾರ್ಮು ಪಂಡಿತ. ಬ್ಯಾಂಕು, ಗ್ಯಾಸು, ರೇಷನ್ನು, ಯಾವ ಫಾರ್ಮಾದರೂ ಸರಿ, ಖಾಲಿ ಜಾಗ ಕಂಡರೆ ನನಗೆ ಕೈ ತುರಿಕೆ. ಮೊಬೈಲ್ ನಂಬರಿನ ಜಾಗದಲ್ಲಿ ಎಲ್ಲರಿಗೂ ಮಾಬವ್ವನದನ್ನೇ ಬರೆದುಬಿಟ್ಟೆ.

ಆಮೇಲೆ ಓಟಿಪಿಗಳು ಬರತೊಡಗಿದವು. ಅಕ್ಷರ ಬಾರದಿದ್ದರೂ ಅಂಕಿ ಬಲ್ಲ ಮಾಬವ್ವ ಒಂದೇ ಕಾನೂನು ಮಾಡಿದಳು. ಫೋನಿನಲ್ಲಿ ಹೇಳುವುದಿಲ್ಲ, ಬೇಕಾದವರು ಬಂದು ಎದುರು ನಿಲ್ಲಬೇಕು. ನಿಂತವರ ಕಿವಿಯಲ್ಲಿ ಮೆಲ್ಲಗೆ ಹೇಳುವಳು. ಹೆಂಡತಿಯದು ಕೇಳಿ ಬಂದ ಗಂಡನಿಗೂ ಕೊಡಳು. ನನ್ನ ಗ್ಯಾಸಿಗೂ ಅವಳ ನಂಬರೇ ಇತ್ತಲ್ಲ, ಒಮ್ಮೆ ದಾಬೋಲಿಮ್‌ನಿಂದ ಫೋನ್ ಮಾಡಿದೆ.

"ಮಾಬವ್ವ, ನಾನ ಇದೀನಿ. ಓಟಿಪಿ ಹೇಳ್ರಿ."

"ನಿಮ್ಮಂಥ ದನಿ ಯಾರರೆ ತಗೀತಾರ್ರಿ ಸರ. ಬಂದು ಮಾರಿ ತೋರಿಸ್ರಿ."

ಬಸ್ಸು ಹಿಡಿದು ಬಂದು ಮುಖ ತೋರಿಸುವಷ್ಟರಲ್ಲಿ ಓಟಿಪಿಯ ಗಡುವು ಮುಗಿದಿತ್ತು. "ಅದು ಸತ್ತೈತ್ರಿ. ಚಾ ಬಿಸಿ ಐತಿ, ಕುಡೀರಿ," ಅಂದಳು. ಚಹಾ ಚೆನ್ನಾಗಿತ್ತು, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಅವಳನ್ನು ಹಳೇ ಕಾಲದವಳೆಂದು ಆಡಿಕೊಂಡ ನಾನು ಏನು ಮಾಡಿದೆ ಗೊತ್ತೆ? ಮುದುಕನಾದಾಗ ಹೇಗೆ ಕಾಣುತ್ತೇನೆಂದು ತೋರಿಸುವ ಆ್ಯಪ್ ಒಂದಕ್ಕೆ ಮುಖ ಒಡ್ಡಿ, ಅದು ಕೇಳಿದ್ದಕ್ಕೆಲ್ಲ ಹೂಂ ಅಂದೆ. ಬಿಳಿ ಮೀಸೆ ಒಪ್ಪಿತ್ತು. ಓಣಿಗೆಲ್ಲ ತೋರಿಸಿ ಬಂದೆ.

ಹದಿನೈದು ದಿನದ ಮೇಲೆ ಚಹಾಕ್ಕೆ ಹೋದರೆ ಮಾಬವ್ವ ನಗುತ್ತಿದ್ದಳು.

"ಯಾವನೋ ಫೋನ್ ಮಾಡಿದ್ನರಿ ಸರ. 'ಓಟಿಪಿ ಮಾಬವ್ವ ಏನ್ರಿ?' ಅಂದ. ಹಂಗ ನನ್ನ ಯಾರ್ರಿ ಕರೀತಾರ? ಮತ್ತ ನಿಮ್ಮ ಹೆಸರು ಹೇಳಿ, 'ಅವರೇ ನಿಮ್ಮ ನಂಬರ್ ಕೊಟ್ಟಾರ, ಈಗ ಒಂದ್ ಓಟಿಪಿ ಬರ್ತೈತಿ, ಹೇಳ್ರಿ' ಅಂದ."

ಚಹಾದ ಲೋಟ ಕೆಳಗಿಟ್ಟೆ. ಆ ಹೆಸರು ಲೋಕದಲ್ಲಿ ಇದ್ದದ್ದು ಒಂದೇ ಕಡೆ, ನನ್ನ ಫೋನಿನಲ್ಲಿ. ತಮಾಷೆಗೆಂದು ನಾನೇ ಹಾಗೆ ಬರೆದಿಟ್ಟುಕೊಂಡಿದ್ದೆ. ಆ ಒಂದು ನಂಬರಿನ ಹಿಂದೆ ಇಡೀ ಓಣಿಯ ಗಳಿಕೆ ಬ್ಯಾಂಕಿನಲ್ಲಿ ಕೂತಿತ್ತು.

"ಹೇಳಿದ್ರೇನ ಮತ್ತ?"

"ನನಗೇನ ಹುಚ್ಚೇನ್ರಿ? ನಮ್ಮ ಸರ ಮಂದಿ ನಂಬರ್ ಕಂಡಕಂಡವರಿಗೆ ಕೊಡೂ ಪೈಕಿ ಅಲ್ಲ. ನಿಮ್ಮ ಹೆಸರು ಹೇಳಿದ ಕೂಡ್ಲೆ ಇಂವ ಕಳ್ಳ ಅಂತ ತಿಳೀತು. ಬಂದು ಮಾರಿ ತೋರ್ಸಪಾ ಅಂದೆ, ಫೋನ್ ಇಟ್ಟಬಿಟ್ಟ."

ನಾಚಿಕೆಯಿಂದ ಕುಗ್ಗಿಹೋದೆ. ಆ ಆ್ಯಪ್‌ಗೆ ಹೂಂ ಅಂದು ನಂಬರು ಕೊಟ್ಟವನು ನಾನೇ ಎಂದು ಆಗಲೇ ಹೇಳಬೇಕಿತ್ತು, ಹೇಳಲಿಲ್ಲ. ಮುಂದೆ ರಜೆ ಹಾಕಿ ಹಾಕಿ ಓಣಿಯವರನ್ನು ಕರೆದುಕೊಂಡು ಬ್ಯಾಂಕು, ಗ್ಯಾಸು ಆಫೀಸು ಅಲೆದು, ಅವರವರ ನಂಬರು ಅವರವರ ಹೆಸರಿಗೆ ಮಾಡಿಸಿಕೊಟ್ಟೆ. ದೊಡ್ಡ ಮನಸ್ಸಿನ ಮನುಷ್ಯ ಎಂದು ಎಲ್ಲರೂ ಹೊಗಳಿದರು. ಅದನ್ನೂ ತೆಪ್ಪಗೆ ಇಸಿದುಕೊಂಡೆ.

ವರ್ಷಗಳಾದವು. ಮೀಸೆ ಈಗ ಆ ಆ್ಯಪ್ ತೋರಿಸಿದಷ್ಟೇ ಬೆಳ್ಳಗಾಗಿದೆ, ಅಷ್ಟು ಒಪ್ಪುವುದಿಲ್ಲ ಅಷ್ಟೇ. ಟಾರ್ಚಿಗೆ ಬೇಡ ಅಂದೆ. ಅದು ಮುನಿಸಿಕೊಂಡು ಬೆಳಗಲೇ ಇಲ್ಲ. ಬರಿಗೈ ಆಡಿಸಿದರೆ ಗುಂಡಿ ಸಿಕ್ಕಿತು. ಅದನ್ನು ಹಿಡಿದುಕೊಂಡೇ ಮಾಬವ್ವನಿಗೆ ಫೋನ್ ಹಚ್ಚಿದೆ. ನಂಬರು ಇನ್ನೂ ಅದೇ.

"ಮಾಬವ್ವ, ನಾನು, ಫಾರ್ಮ್ ತುಂಬೋ ಸರ. ಅವತ್ತ ಆ ಕಳ್ಳ ಫೋನ್ ಮಾಡಿದ್ನಲ್ಲ, ಅದರ ಬಗ್ಗೆ ಒಂದು ಮಾತು ಹೇಳೂದೈತಿ."

ಆ ಕಡೆ ಒಲೆಯ ಸದ್ದು ಸಣ್ಣದಾಯಿತು.

"ಫೋನಿನ್ಯಾಗ ಬ್ಯಾಡ್ರಿ. ಬಂದು ಮಾರಿ ತೋರಿಸಿ ಹೇಳ್ರಿ."

ಗುಂಡಿ ಹೊಲಿದು, ಅಂಗಿ ತೊಟ್ಟು ಝುವಾರಿನಗರದ ಬಸ್ಸಿಗೆ ನಿಂತಿದ್ದೇನೆ. ಫೋನಿನಲ್ಲಾಗಿದ್ದರೆ ಸುಲಭವಿತ್ತು.