ನೀಲವ್ವಾಯಿಯ ಅರವಟಿಗೆ

ಮಕ್ಕಳೇ, ಸ್ವಾತಿ, ಮಹಾಂತೇಶ,

ಎದುರು ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರು ಸಾಂಬ್ರಾಣಿಯಿಂದ ಕಾಡಿನ ಹಾದಿ ಹಿಡಿದು ಜನ ಉಳವಿಯ ಗುಡಿಗೆ ನಡೆದೇ ಹೋಗುತ್ತಿದ್ದ ಕಾಲ ಅದು. ನನಗಾಗ ಹತ್ತು ವರ್ಷ.

ಊರು ಮುಗಿದು ಸಾಗವಾನಿ ಮರಗಳು ಶುರುವಾಗುವಲ್ಲಿ ನಮ್ಮಜ್ಜಿ ನೀಲವ್ವಾಯಿ ಅರವಟಿಗೆ ಇಟ್ಟಿದ್ದಳು. ತಟ್ಟಿಯ ಹಿಂದೆ ನೀರಿನ ಗಡಿಗೆ, ತಟ್ಟಿಯ ಕಿಂಡಿಯಿಂದ ಹೊರಗೆ ಚಾಚಿದ ಸೀಳು ಬಿದಿರು. ನಾವು ಒಳಗಿಂದ ಸುರಿದರೆ ದಾರಿಹೋಕರು ಬೊಗಸೆಯೊಡ್ಡಿ ಕುಡಿಯುತ್ತಿದ್ದರು. ನಮಗೆ ಕಾಣುತ್ತಿದ್ದದ್ದು ಕೈಗಳು ಮಾತ್ರ. ಗಡಿಗೆ ಕುಂಬಾರರ ಮನೆಯದು, ನೀರಿಗೆ ಹಾಕುವ ಲಾವಂಚದ ಬೇರು ಖಾತೂನ್ ಚಾಚಿಯದು, ಬೆಲ್ಲ ನಮ್ಮವ್ವನದು. ಯಾರ ಹೆಸರನ್ನೂ ಅಲ್ಲಿ ಬರೆದಿರಲಿಲ್ಲ.

"ಶಾಂತಾ, ನಿನಗ ಇದು ಚಲೋ ನೌಕರಿ ನೋಡು. ಮಾರಿ ತೋರಸೂದಿಲ್ಲ, ಮಾತಾಡೂದಿಲ್ಲ" ಎಂದು ಆಯಿ ಸೊಟ್ಟ ಕಿರುಬೆರಳಿನ, ಚೇಳಿನ ಹಚ್ಚೆಯ ಕೈಯಿಂದ ಗಲ್ಲ ಹಿಂಡಿ ನನ್ನ ನಾಚಿಕೆಯನ್ನು ಆಡಿಕೊಳ್ಳುತ್ತಿದ್ದಳು. "ಆದ್ರ ಯಾರು ಅಂತ ಮಾತ್ರ ಕೇಳಬ್ಯಾಡ. ಕೇಳಿದ್ರ ನೀರು ಗಂಟಲದಾಗ ನಿಂದರ್ತೈತಿ."

ಆ ಬೇಸಿಗೆ ಆಯಿಗೆ ಜ್ವರ ಬಂತು. ಜ್ವರದಲ್ಲಿ ನೀರು ಕೊಡಬಾರದೆಂದು ಹಿರಿಯರು ಕೊಡಲಿಲ್ಲ. ಊರಿನ ಹಾದಿಗೆಲ್ಲ ನೀರೆರೆದವಳು "ಒಂದು ಗುಟುಕು" ಎನ್ನುತ್ತಲೇ ತೀರಿಹೋದಳು.

ಮಣ್ಣಾದ ಮೂರನೆಯ ದಿನ ಅವ್ವ ನನ್ನನ್ನೇ ಅರವಟಿಗೆಗೆ ಕಳಿಸಿದಳು. ಸುಡುವ ಮಧ್ಯಾಹ್ನ. ನಾನು ಒಬ್ಬಳೇ ಹರಳು ಹಾರಿಸಿ ಹಿಡಿಯುತ್ತ ಆಣೆಕಲ್ಲು ಆಡುತ್ತಿದ್ದೆ. ಒಣಗಿದ ಸಾಗವಾನಿ ಎಲೆಗಳ ಮೇಲೆ ಓತಿಕ್ಯಾತ ಓಡಿದರೂ ಸದ್ದಾಗುತ್ತಿತ್ತು. ಆಗ ಯಾವ ಸದ್ದೂ ಇಲ್ಲದೆ ಬಿದಿರಿನ ತುದಿಗೆ ಬೊಗಸೆಯೊಂದು ಬಂದು ನಿಂತಿತು.

ಸುರಿದೆ. ಒಂದು ತಂಬಿಗೆ, ಎರಡು, ಐದು. ಬೊಗಸೆ ತುಂಬಲಿಲ್ಲ. ಕೆಳಗೆ ಒಂದು ಹನಿಯೂ ಬೀಳಲಿಲ್ಲ. ಆಮೇಲೆ ಮುಂಗೈ ಮೇಲಿನ ಹಸಿರು ಚೇಳಿನ ಹಚ್ಚೆ ಕಂಡಿತು. ಸೊಟ್ಟಗಿದ್ದ ಕಿರುಬೆರಳೂ ಕಂಡಿತು.

ಹುಟ್ಟಿದಾಗಿನಿಂದ ಬಾಯಿ ಬಿಡದ ನಾನು ಅಂದು ಬಿಟ್ಟೆ. "ಯಾರು? ಆಯೀನ?"

ಬೊಗಸೆ ಬಿಚ್ಚಿಕೊಂಡಿತು. ಅಷ್ಟೂ ನೀರು ಒಮ್ಮೆಗೇ ನೆಲಕ್ಕೆ ಬಿತ್ತು. ಓಡಿಹೋಗಿ ನೋಡಿದರೆ ಒದ್ದೆ ಮಣ್ಣು, ಲಾವಂಚದ ವಾಸನೆ. ಹೆಜ್ಜೆ ಗುರುತಿಲ್ಲ.

ಅವ್ವನಿಗೆ ಹೇಳಿದೆ. ಅವಳು ಸುಳ್ಳೆನ್ನಲಿಲ್ಲ. "ಅಯ್ಯ ನನ ಮಗಳ, ಕುಡಿಯೂತನಕಾರ ಸುಮ್ಮನ ಇರಬೇಕಿತ್ತಲ್ಲ" ಎಂದಷ್ಟೇ ಅಂದಳು.

ಈಗ ಆ ಹಾದಿಯಲ್ಲಿ ಎಲ್ಲರ ಕೈಯಲ್ಲೂ ನೀರಿನ ಬಾಟಲಿ. ಬೊಗಸೆಯೊಡ್ಡುವವರಿಲ್ಲ. ಹೆಸರು ಹೇಳದೆ ಕೊಟ್ಟವರೆಲ್ಲ ಹೋದರು, ಹೆಸರು ಕೇಳಿದ ನಾನು ಉಳಿದೆ. ಬೇಸಿಗೆ ಮಧ್ಯಾಹ್ನ ನಾನು ಹಿತ್ತಲ ಕಟ್ಟೆಯ ಮೇಲೆ ತಂಬಿಗೆ ನೀರಿಡುವುದನ್ನು ಕಂಡು ನೀವು ನಗುತ್ತೀರಿ. ಎಂಥ ಬಿಸಿಲಿದ್ದರೂ ಸಂಜೆಗೆ ಆ ನೀರು ಒಂದು ಹನಿಯೂ ಕಡಿಮೆಯಾಗಿರುವುದಿಲ್ಲ. ಆಯಿ ಇನ್ನೂ ಕುಡಿದಿಲ್ಲ.

ನನ್ನ ನಂತರ ನೀವು ಇಡಿ. ಎಂದಾದರೂ ತಂಬಿಗೆ ಬರಿದಾಗಿದ್ದರೆ ಯಾರೆಂದು ಕೇಳದೆ ಮತ್ತೆ ತುಂಬಿಸಿ. ಮರೆತೀರಿ ಅಂತಲೇ ಇದನ್ನೆಲ್ಲ ಬರೆದೆ. ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ.